ತಂಬೂರಿಯ ವಯಸ್ಸು

ಕುಂದಗೋಳದ ಸೀಮೆಯಲ್ಲಿ ಹಳೆಯ ತಂಬೂರಿ ಕಂಡೊಡನೆ, ಇದು ಸವಾಯಿ ಗಂಧರ್ವರ (1886–1952) ಕಾಲದ್ದೆಂದು ಹೇಳಿಬಿಡುವುದು ಸುಲಭ. ಆದರೆ ಸಾಕ್ಷಿಯನ್ನು ವಾದ್ಯವೇ ನುಡಿಯಬೇಕು. ಮೊದಲು ನೋಡತಕ್ಕದ್ದು ಮೆರುಗನ್ನು. ಮಿರಜಿಯ ಕುಶಲಿಗರು ಸ್ಪಿರಿಟಿನಲ್ಲಿ ಕರಗಿಸಿದ ಅರಗನ್ನು ಬಟ್ಟೆಯ ಉಂಡೆಯಿಂದ ಪದರಪದರವಾಗಿ ತೀಡುತ್ತಿದ್ದರು. ಕಣ್ಣಿಗೆ ಬೀಳದೆಡೆಯಲ್ಲಿ ಸ್ಪಿರಿಟಿನ ಒಂದು ಹನಿ ಸೋಕಿಸಿದರೆ ಅರಗು ಜಿಗುಟಾಗುವುದು. ಈಚಿನ ಪಾಲಿಯುರೆಥೇನ್ ಲೇಪವು ಕದಲದು. ಅರಗಿನ ರೂಢಿ ಇಂದಿಗೂ ಉಳಿದಿರುವುದರಿಂದ ಇದೊಂದೇ ಪರೀಕ್ಷೆ ಸಾಲದು. ಕುದುರೆಯ ಮೇಲೆ ತಂತಿ ಕೊರೆದ ಗೀರು, ಬಿರಡೆಯ ತೂತಿನ ಸವೆತ, ದಂಡಿಯಲ್ಲಿ ಬೆರಳುಗಳು ಮೆರುಗನ್ನು ಕಳೆದ ಎಡೆ, ಇವೆಲ್ಲ ಒಂದಕ್ಕೊಂದು ಹೊಂದಬೇಕು. ಮನೆಯವರೋ, ಮದುವೆಗೆ ಸುಣ್ಣ ಬಳಿಸಿದಂತೆ, ತಂಬೂರಿಯನ್ನೂ ಕೆರೆಸಿ ಹೊಳಪು ಕೊಡಿಸುತ್ತಾರೆ! ಅಜ್ಜಿಯ ಬೆರಳಿನ ಗುರುತು ಉಜ್ಜುಕಾಗದದ ಧೂಳಿನೊಡನೆ ಹೋಗುತ್ತದೆ. ಒಣಗಿದ ಮೆತ್ತನೆಯ ಬಟ್ಟೆಯಿಂದ ಒರಸಿದ್ದರೆ ಸಾಕಾಗಿತ್ತು.