ಹವಳದ ತೋಟದ ಕಳೆ

ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರವನ್ನು ಬೋಧಿಸಿದೆನಾದರೂ ಜೀವಂತ ಹವಳವನ್ನು ನಾನು ಕಂಡದ್ದು ನಿವೃತ್ತನಾದ ಮೇಲೆ, ಅದೂ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ. ಹೈಡ್ರಾದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದುದು ನಿಮ್ಮಲ್ಲಿ ಹಲವರ ನೆನಪಿನಲ್ಲಿರಬಹುದು. ಹವಳವೂ ಇದೇ ವಂಶದ್ದು ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದಕ್ಕೆ ಸಾಗುತ್ತಿದ್ದೆವು. ಪಠ್ಯದಲ್ಲಿ ಇದ್ದುದೂ ಅಷ್ಟೇ. ಆ ವಾಕ್ಯದ ಹಿಂದೆ ಅಡಗಿರುವ ಜೀವನವ್ಯಾಪಾರ ಎಂಥದೆಂಬುದು ಅಳಿಯಂದಿರ ಗಾಜಿನ ತೊಟ್ಟಿಯ ಮುಂದೆ ಕಳೆದ ಐದು ತಿಂಗಳಲ್ಲಿ ತಿಳಿಯಿತು.

ಸುಮಾರು 450 ಲೀಟರಿನ ತೊಟ್ಟಿ ಅದು. ಉಪ್ಪು ಬೆರೆಸಿದ ನೀರಿನ ಸಾಪೇಕ್ಷ ಸಾಂದ್ರತೆ 1.025, ಉಷ್ಣತೆ 25ರಿಂದ 26 ಡಿಗ್ರಿ ಸೆಲ್ಸಿಯಸ್. ಇವೆರಡೂ ಅತ್ತಿತ್ತ ಆಗದಂತೆ ಹಗಲಿರುಳು ಕಾಯಬೇಕು. ಹವಳವೆಂದರೆ ನಮಗೆ ತಾಳಿಸರದ ಕೆಂಪು ಮಣಿ. ಆ ಮಣಿಯ ಹವಳ ಬೇರೆ, ಕಡಲಿನಲ್ಲಿ ದಿಬ್ಬ ಕಟ್ಟುವ ಹವಳ ಬೇರೆ. ಎರಡನೆಯದರ ಮೈಯೊಳಗೆ ಸೂಕ್ಷ್ಮ ಪಾಚಿಗಳು ನೆಲೆಸಿ, ಬೆಳಕಿನಿಂದ ಆಹಾರ ತಯಾರಿಸಿ, ಅದರ ಬಹುಪಾಲನ್ನು ಆಶ್ರಯ ಕೊಟ್ಟ ಹವಳಕ್ಕೆ ಒಪ್ಪಿಸುತ್ತವೆ. ಆ ಋಣಾನುಬಂಧ ಕಡಿದರೆ ಹವಳ ಬಿಳಿಚಿಕೊಳ್ಳುತ್ತದೆ.

ನಾನು ಹೋದಾಗ ತೊಟ್ಟಿಯಲ್ಲಿ ಕಳೆ ತುಂಬಿತ್ತು. ಐಪ್ಟೇಷಿಯಾ ಎಂಬುದು ಅದರ ಹೆಸರು. ಕಂದು ಬಣ್ಣದ, ಗಾಜಿನಂತೆ ಪಾರದರ್ಶಕವಾದ ಪುಟ್ಟ ಕಡಲಹೂವು, ನೋಡಲು ಚೆಲುವಾದುದೇ. ಆದರೆ ಪಕ್ಕದ ಹವಳವನ್ನು ಕುಟುಕಿ ಕುಟುಕಿ ಹಿಮ್ಮೆಟ್ಟಿಸಿ ತಾನು ಹಬ್ಬುತ್ತದೆ. ಕೀಳಲು ಹೋದಿರೋ, ಕಲ್ಲಿನ ಸಂದಿಯಲ್ಲಿ ಉಳಿದ ಪಾದದ ಚೂರಿನಿಂದಲೇ ಮತ್ತೊಂದು ಹುಟ್ಟುತ್ತದೆ. ಜೇಕಿನ ಗಡ್ಡೆಯೊಡನೆ ಸೆಣಸಿದ ರೈತರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲನೆಯ ಔಷಧವನ್ನು ಕಂಡು ನನಗೆ ನಗು ಬಂತು. ನಮ್ಮ ಅಜ್ಜಿಯ ಎಲೆಯಡಿಕೆ ತಟ್ಟೆಯಲ್ಲಿದ್ದ ಅದೇ ಸುಣ್ಣ! ಅದನ್ನು ಗಟ್ಟಿಯಾಗಿ ಕಲಸಿ, ಸಿರಿಂಜಿನಲ್ಲಿ ತುಂಬಿ, ಐಪ್ಟೇಷಿಯಾದ ಬಾಯಿಗೇ ಮೆತ್ತಬೇಕು. ಅದೇ ಸುಣ್ಣದ ತಿಳಿನೀರನ್ನು ಹನಿಹನಿಯಾಗಿ ತೊಟ್ಟಿಗೆ ಬಿಟ್ಟರೆ ಹವಳದ ಎಲುಬಿಗೆ ಬೇಕಾದ ಕ್ಯಾಲ್ಸಿಯಂ ಒದಗುತ್ತದೆ. ಒಂದೇ ವಸ್ತು ಒಬ್ಬರಿಗೆ ಅನ್ನ, ಇನ್ನೊಬ್ಬರಿಗೆ ವಿಷ. ನನ್ನಾಕೆ ಮಾತ್ರ ಇದನ್ನು ಮೆಚ್ಚಲಿಲ್ಲ. “ಸಾಕುವುದಕ್ಕೆಂದು ತಂದು ಕೊಲ್ಲುತ್ತ ಕೂತಿದ್ದೀರಲ್ಲ” ಎಂದಳು. ಅಳಿಯಂದಿರು ಉತ್ತರ ಕೊಡದೆ ಸಿರಿಂಜನ್ನು ಕೆಳಗಿಟ್ಟರು. ಮರುದಿನ ಮತ್ತೆ ಕೈಗೆತ್ತಿಕೊಂಡರು.

ಒಂದು ಭಾನುವಾರ ಅವರ ಸ್ನೇಹಿತರೊಬ್ಬರು ಬಂದು, ಕಳೆ ಹಿಡಿದ ಕಲ್ಲನ್ನು ದೊಡ್ಡ ಪಾತ್ರೆಯಲ್ಲಿ ಹಾಕಿ ಕುದಿಸಿಬಿಡಿ, ಬೇರುಸಹಿತ ಹೋಗುತ್ತದೆ ಎಂದು ಸಲಹೆಯಿತ್ತರು. ಪಾತ್ರೆಯೂ ಒಲೆಯ ಬಳಿಗೆ ಬಂತು. ಆದರೆ ಆ ಕಲ್ಲಿನ ಮೇಲೆ ಐಪ್ಟೇಷಿಯಾದ ಜೊತೆಗೆ ಗುಂಡಿಗಳಂತೆ ಹರಡಿದ ಝೋಆಂಥಿಡ್ ಎಂಬ ಜೀವಿಗಳೂ ಇದ್ದವು. ಅವುಗಳ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಕುದಿಸಿದರೆ ಅದು ಆವಿಯೊಡನೆ ಗಾಳಿಗೆ ಸೇರಿ ಶ್ವಾಸಕೋಶವನ್ನು ಹೊಗುತ್ತದೆ. ಹೀಗೆ ಕಲ್ಲು ಕುದಿಸಿ ಇಡೀ ಕುಟುಂಬವೇ ಆಸ್ಪತ್ರೆ ಸೇರಿದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮಗಳಿಗೆ ಇದು ಗೊತ್ತಿತ್ತು. ಒಲೆ ಹಚ್ಚಗೊಡಲಿಲ್ಲ. ಅಡುಗೆಮನೆಗೆ ಹೊಂದಿಕೊಂಡ ಕೋಣೆಯಲ್ಲಿ ಮೊಮ್ಮಗ ಚಿತ್ರ ಬರೆಯುತ್ತ ಕುಳಿತಿದ್ದ. ಆ ಮಧ್ಯಾಹ್ನವನ್ನು ನೆನೆದರೆ ಈಗಲೂ ಮೈ ಬೆವರುತ್ತದೆ. ಇಂಥ ತೊಟ್ಟಿಯನ್ನು ಇಟ್ಟುಕೊಂಡಿರುವ ನನ್ನ ಶಿಷ್ಯರು ಯಾರಾದರೂ ಹೊರದೇಶದಲ್ಲಿದ್ದರೆ ಇದೊಂದನ್ನು ಮರೆಯಬಾರದು: ಕಲ್ಲನ್ನು ಕುದಿಸಬೇಡಿ, ಅದನ್ನು ಮುಟ್ಟುವಾಗ ಕೈಗವಸು, ಕನ್ನಡಕ ಬಿಡಬೇಡಿ.

ಕೊನೆಗೆ ಕಳೆಯನ್ನು ಗೆದ್ದುಕೊಟ್ಟದ್ದು ಬೆರ್ಗಿಯಾ ಎಂಬ ಚಿಪ್ಪಿಲ್ಲದ ಕಡಲಹುಳು. ಎರಡು ಸೆಂಟಿಮೀಟರಿಗೆ ತುಸು ಹೆಚ್ಚು ಉದ್ದ; ಐಪ್ಟೇಷಿಯಾ ಬಿಟ್ಟು ಬೇರೇನನ್ನೂ ತಿನ್ನದು. ಹಗಲು ಅಡಗಿದ್ದು ರಾತ್ರಿ ಮೇಯುತ್ತದೆ. “ತಾತ, ಎಲ್ಲ ಮುಗಿದ ಮೇಲೆ ಇವು ಏನು ತಿನ್ನುತ್ತವೆ?” ಎಂದು ಮೊಮ್ಮಗ ಕೇಳಿದ. ಉಪವಾಸ ಸಾಯುತ್ತವೆ ಎಂಬುದೇ ನಿಜವಾದ ಉತ್ತರ. ಅವನ ಒತ್ತಾಯಕ್ಕೆ, ಕಳೆ ಮುಗಿಯುತ್ತ ಬಂದಾಗ ಉಳಿದ ಹುಳುಗಳನ್ನು ಹಿಡಿದು, ಕಳೆ ಕಾಟವಿದ್ದ ಇನ್ನೊಬ್ಬರ ತೊಟ್ಟಿಗೆ ಕಳುಹಿಸಿದೆವು. ಇದೇ ಐಪ್ಟೇಷಿಯಾವನ್ನು ವಿಜ್ಞಾನಿಗಳು ಪ್ರಯೋಗಶಾಲೆಗಳಲ್ಲಿ ಅಕ್ಕರೆಯಿಂದ ಸಾಕುತ್ತಾರೆಂಬುದನ್ನೂ ಅವನಿಗೆ ಹೇಳಿದೆ. ಅದರ ಮೈಯಲ್ಲಿಯೂ ಹವಳದಂತೆ ಪಾಚಿಗಳಿವೆ. ಹವಳವೇಕೆ ಬಿಳಿಚುತ್ತದೆಂಬುದನ್ನು ಅರಿಯಲು ಬೇಗ ಬೆಳೆಯುವ ಈ ಕಳೆಯೇ ಅನುಕೂಲ.

ಇಷ್ಟರಲ್ಲಿ ದೊಡ್ಡ ಸಂಕಟ ಬಂತು. ಮೊಮ್ಮಗ ಹುಟ್ಟಿದ ವರ್ಷ ಕಿರುಬೆರಳಿನಷ್ಟು ತಂದ ಆಕ್ರೊಪೋರಾ ಹವಳವೊಂದು ಒಂಬತ್ತು ವರ್ಷಗಳಲ್ಲಿ ತೆಂಗಿನಕಾಯಿಯ ಗಾತ್ರಕ್ಕೆ ಬೆಳೆದಿತ್ತು. ಅದು ಬುಡದಿಂದ ಮಂಕಾಗತೊಡಗಿತು. ಕೊಂಬೆಗಳ ಮೇಲೆ ಮಸುಕಾದ ದುಂಡು ಕಲೆಗಳು. ನೀರನ್ನು ರಭಸವಾಗಿ ಚಿಮುಕಿಸಿದಾಗ ತೆಳ್ಳನೆಯ ಚಪ್ಪಟೆಹುಳುಗಳು ಕಳಚಿಬಿದ್ದವು. ತಿಂದ ಹವಳದ ಬಣ್ಣವೇ ಇವುಗಳ ಮೈಬಣ್ಣ. ಹೀಗಾಗಿ ಬರಿಗಣ್ಣಿಗೆ ಕಾಣವು. ಔಷಧ ಬೆರೆಸಿದ ನೀರಿನಲ್ಲಿ ಹವಳವನ್ನು ಅದ್ದಿದರೆ ಹುಳು ಬಿಡುತ್ತದೆ. ದನಕರುಗಳ ಜಂತುಹುಳುವಿಗೆ ನಮ್ಮಲ್ಲಿ ಕೊಡುವ ಲೆವಮಿಸೋಲನ್ನು ಇದಕ್ಕೆ ಬಳಸುವವರಿದ್ದಾರೆ. ಆದರೆ ಸತ್ತ ಬುಡಕ್ಕೆ ಅಂಟಿಸಿಟ್ಟ ಮೊಟ್ಟೆಗಳು ಅದ್ದುವುದಕ್ಕೆ ಜಗ್ಗವು. ಒಡೆದು ಮರಿಯಾದ ಮೇಲೆಯೇ ಅವುಗಳನ್ನು ಹಿಡಿಯಬೇಕು. ಅಂದರೆ ವಾರವಾರವೂ ಅದ್ದುತ್ತಲೇ ಇರಬೇಕು.

ಉಳಿದಿದ್ದುದು ಒಂದೇ ದಾರಿ. ಮೊಟ್ಟೆಯಿದ್ದ ಬುಡವನ್ನೆಲ್ಲ ಎಸೆದು, ಆರೋಗ್ಯವಾಗಿದ್ದ ತುದಿಗಳನ್ನು ಮಾತ್ರ ಕತ್ತರಿಸಿ ಬೇರೆ ತೊಟ್ಟಿಯಲ್ಲಿ ಇಡುವುದು. ತನ್ನ ವಾರಗೆಯ ಆ ಜೀವವನ್ನು ಕತ್ತರಿಸುವಾಗ ಹುಡುಗ ಕೋಣೆಯ ಬಾಗಿಲು ಹಾಕಿಕೊಂಡ. ಹನ್ನೊಂದು ತುದಿಗಳನ್ನು ಉಳಿಸಿಕೊಂಡೆವು. ಆರು ವಾರ ಅದ್ದಿ, ಭೂತಕನ್ನಡಿಯಿಂದ ಪರೀಕ್ಷಿಸಿದ್ದಾಯಿತು. ಎರಡನೆಯ ವಾರದಿಂದ ಭೂತಕನ್ನಡಿ ಹಿಡಿದವನು ಅವನೇ. ನಾಲ್ಕು ಬದುಕಿದವು. ಹೊಸದಾಗಿ ತಂದ ಯಾವ ಹವಳವನ್ನೂ ಕೆಲವು ವಾರ ಬೇರೆ ತೊಟ್ಟಿಯಲ್ಲಿ ಇರಿಸದೆ ಒಳಕ್ಕೆ ಬಿಡಬಾರದೆಂಬ ಕಟ್ಟಳೆ ಆ ಮನೆಯಲ್ಲಿ ಅಂದಿನಿಂದ ಜಾರಿಗೆ ಬಂದಿದೆ.

ಊರಿಗೆ ಮರಳಿದ ಮೇಲೆ ಇಲ್ಲಿಯೂ ಇಂಥದೊಂದನ್ನು ಮಾಡಬಹುದೇ ಎಂದು ಬಂಧುಗಳು ಕೇಳಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ಸೇರಿಸಲಾಯಿತು. ನಮ್ಮ ಕಡಲಿನಿಂದ ಅವನ್ನು ಕೀಳುವುದೂ ಮಾರುವುದೂ ಅಪರಾಧ. ನೋಡುವ ಆಸೆಯುಳ್ಳವರಿಗೆ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ದ್ವೀಪವಿದೆ. ಅದರ ಸುತ್ತ ಹವಳಗಳಿವೆ. ಮುಂದಿನ ಬೇಸಿಗೆ ರಜೆಗೆ ಮೊಮ್ಮಗ ಬರುವವನಿದ್ದಾನೆ. ಮಳೆ ಹಿಡಿಯುವುದರೊಳಗೆ ಅವನನ್ನು ಅಲ್ಲಿಗೆ ಕರೆದೊಯ್ಯಬೇಕೆಂದಿದ್ದೇನೆ.