ಕೋವಿಯ ಪೆಟ್ಟಿಗೆ, ಚಿನ್ನದ ಪೆಟ್ಟಿಗೆ

ಪೆಟ್ಟಿಗೆ, ಡಬ್ಬಿ ಹೇಳಿರೆ ನವಗೆ ಹೆಮ್ಮಕ್ಕೊಗೆ ರಜ್ಜ ಮರುಳು ಅಪ್ಪು. ಸ್ವೀಟು ಖಾಲಿ ಆದರೂ ಡಬ್ಬಿಯ ಇಡ್ಕಲೆ ಮನಸ್ಸು ಬತ್ತಿಲ್ಲೆ. ಸೀರೆ ಅಂಗಡಿಯ ರಟ್ಟಿನ ಪೆಟ್ಟಿಗೆಲಿ ಮದುವೆ ಫೊಟೊ, ಬಿಸ್ಕೇಟಿನ ತಗಡಿನ ಡಬ್ಬಿಲಿ ಸೂಜಿ-ನೂಲು, ಐಸ್‌ಕ್ರೀಮಿನ ಡಬ್ಬಿಲಿ ಸಾಂಬಾರು ಹೊಡಿ. ಎಲ್ಲೋರ ಮನೆಲಿಯೂ ಇದೇ ಕತೆ. ಪೆಟ್ಟಿಗೆ ಗಟ್ಟಿ ಇದ್ದೋ, ಮುಚ್ಚಲು ಸರಿ ಕೂರ್ತೋ, ಮಳೆಗಾಲಲ್ಲಿ ಒಳ ಬೂಷ್ಟು ಹಿಡಿತ್ತೋ ಹೇಳಿ ನೋಡ್ಲೆ ನವಗೆ ಆರೂ ಕಲಿಶೆಕ್ಕು ಹೇಳಿ ಇಲ್ಲೆ. ಹಾಂಗಾಗಿ ಇಂದು ಒಂದು ಪೆಟ್ಟಿಗೆಯ ಶುದ್ದಿಯೇ ಬರೆತ್ತೆ. ಒಳ ಇಪ್ಪದು ಮಾತ್ರ ಸ್ವೀಟೂ ಅಲ್ಲ, ಸೀರೆಯೂ ಅಲ್ಲ, ರಿವಾಲ್ವರು!

ಈ ಶುದ್ದಿ ಎಂತಕೆ ಬಂತು ಹೇಳಿರೆ, ಚಿಕ್ಕಮ್ಮನ ಮಗಳು ತಂಗೆ ಫೋನು ಮಾಡಿತ್ತು. ಅದರ ಮಗಳು, ಅಳಿಯ ಉತ್ತರ ಭಾರತಲ್ಲಿ ಇಪ್ಪದು. ಕೂಸಿಂಗೆ ಆಸ್ಪತ್ರೆಲಿ ಇರುಳಾಣ ಡ್ಯೂಟಿ. ಒಂದು ರಿವಾಲ್ವರು ತೆಗವ ಹೇಳಿ ಗೆಂಡ-ಹೆಂಡತಿ ಮಾತಾಡಿಗೊಂಡಿದವಡ. "ಅಕ್ಕಾ, ನಿಂಗಳ ಮನೆಲಿ ಕೋವಿ ಇದ್ದನ್ನೆ. ನಿನಗೆ ಎಂತ ಕಾಣ್ತು? ಫೊಟೊ ಕಳುಸಿದ್ದೆ ನೋಡು. ಪೆಟ್ಟಿಗೆ ಎಷ್ಟು ಲಾಯಕಿದ್ದು! ನೆಕ್ಲೇಸಿಂದು ಹೇಳಿ ಗ್ರೇಶಿದೆ ಆನು" ಹೇಳಿತ್ತು. ಆ ಮನೆಲಿ ಮೂರು ವರ್ಷದ ಮಾಣಿ ಇದ್ದ. ಆನು ಫೊಟೊ ನೋಡುವಗ ಎನ್ನ ತಲೆಲಿ ಇದ್ದದು ಆ ಮಾಣಿಯೇ.

ತಂಗೆ ಗ್ರೇಶಿದ್ದರಲ್ಲಿ ತಪ್ಪು ಎಂತ ಇಲ್ಲೆ. ಆ ಪೆಟ್ಟಿಗೆ ಮಾಡಿದ್ದೇ ಹಾಂಗೆ. 2014ರ ಜನವರಿಲಿ ಕಾನ್ಪುರದ ಸರಕಾರಿ ಕಾರ್ಖಾನೆ, ಫೀಲ್ಡ್ ಗನ್ ಫ್ಯಾಕ್ಟರಿ, ಹೆಮ್ಮಕ್ಕೊಗೆ ಹೇಳಿಯೇ ಒಂದು ರಿವಾಲ್ವರು ತಂತು. ಹೆಸರು ನಿರ್ಭೀಕ್. 2012ರ ಡಿಸೆಂಬರಿಲಿ ದೆಲ್ಲಿಯ ಬಸ್ಸಿಲಿ ಆದ ಆ ಕೆಟ್ಟ ಘಟನೆಲಿ ತೀರಿ ಹೋದ ಕೂಸಿಂಗೆ ಪೇಪರಿನೋರು ನಿರ್ಭಯಾ ಹೇಳಿ ಹೆಸರು ಮಡುಗಿದವನ್ನೆ, ಅದೇ ನೆಂಪಿಲಿ ಮಡುಗಿದ ಹೆಸರು. .32 ಬೋರು, ತೂಕ ಸುಮಾರು ಅರ್ಧ ಕಿಲೊ, ಟೈಟಾನಿಯಂ ಮಿಶ್ರ ಲೋಹ, ಹೆಮ್ಮಕ್ಕಳ ಬೇಗಿಲಿ ಹಿಡಿವಷ್ಟು ಸಣ್ಣ. ಕ್ರಯ ಅಂಬಗಳೇ 1,22,360 ರೂಪಾಯಿ. ಅದರ ಕೊಟ್ಟದು ಕಡು ಕೆಂಪು ಬಣ್ಣದ, ಚಿನ್ನದ ಅಂಗಡಿಲಿ ಒಡವೆ ಹಾಕಿ ಕೊಡುವ ನಮುನೆಯ ಪೆಟ್ಟಿಗೆಲಿ. ನಮ್ಮ ದೇಶದ ಹೆಮ್ಮಕ್ಕೊಗೆ ಒಡವೆ ಹೇಳಿರೆ ಇಷ್ಟ, ಹಾಂಗಾಗಿ ಹೀಂಗೆ ಹೇಳ್ತ ಲೆಕ್ಕಾಚಾರ.

ಎನಗೆ ಅಲ್ಲಿಯೇ ಸಿಕ್ಕಿ ಹಾಕಿಗೊಂಡತ್ತು. ಮನೆಲಿ ಎಲ್ಲೋರ ಕಣ್ಣು ಬೀಳುವ ಪೆಟ್ಟಿಗೆ ಯಾವುದು ಹೇಳಿ? ಚಿನ್ನದ ಪೆಟ್ಟಿಗೆಯೇ. ಕಳ್ಳ ಕಪಾಟು ಒಡದರೆ ಸುರುವಿಂಗೆ ಕೈ ಹಾಕುದು ಅದಕ್ಕೆ. ಮಕ್ಕಳೂ ಹಾಂಗೆ. ಮದುವೆಗೆ ಹೆರಡುವಗ ಅಬ್ಬೆ ಆ ಪೆಟ್ಟಿಗೆ ತೆಗದರೆ ಸಾಕು, ಎಲ್ಲಿ ಆಡಿಗೊಂಡಿದ್ದರೂ ಓಡಿ ಬಕ್ಕು. "ತೋರ್ಸು, ಎನಗೆ ಹಾಕು" ಹೇಳಿ ಮಡಿಲಿಲಿ ಕೂರುಗು. ಒಳ ಚೆಂದದ್ದು ಇದ್ದು ಹೇಳಿ ಆ ಪೆಟ್ಟಿಗೆಯೇ ಮಕ್ಕೊಗೆ ಕಲಿಶಿ ಮಡುಗಿದ್ದು. ಅದೇ ನಮುನೆಯ ಪೆಟ್ಟಿಗೆಲಿ ರಿವಾಲ್ವರು ಇದ್ದರೆ, ಬಿಡುಸಿ ನೋಡಿದ ಮಾಣಿಯ ಬೈವಲೆ ಎಡಿಗೋ?

ಕೋವಿಯ ಪೆಟ್ಟಿಗೆಗೆ ಇಪ್ಪದು ಮೂರು ಕೆಲಸ. ಬೇಡದ್ದ ಕೈಗೆ ಸಿಕ್ಕದ್ದ ಹಾಂಗೆ ನೋಡೆಕ್ಕು, ತುಕ್ಕು ಹಿಡಿಯದ್ದ ಹಾಂಗೆ ನೋಡೆಕ್ಕು, ದಾರಿಲಿ ಪೆಟ್ಟಾಗದ್ದ ಹಾಂಗೆ ನೋಡೆಕ್ಕು. ಚೆಂದ ಕಾಂಬದು ನಾಲ್ಕನೆದು. ಅದು ಇಲ್ಲದ್ರೂ ನೆಡೆತ್ತು.

ಎಂಗಳ ಮನೆಯ ಕೋವಿ ನಿಂಗೊಗೆ ಗೊಂತಿದ್ದನ್ನೆ. ಬೆಳೆ ರಕ್ಷಣೆಗೆ ಹೇಳಿ ಲೈಸೆನ್ಸು ಇಪ್ಪ ಹಳೆ ಒಂಟಿ ನಳಿಗೆ ಕೋವಿ. ಹಂದಿ ಬಂದರೆ, ಮಂಗಂಗೊ ಬಂದರೆ ಒಂದು ಶಬ್ದ ಮಾಡ್ಲೆ. ಅದಕ್ಕೆ ಪೆಟ್ಟಿಗೆ ಹೇಳಿ ಕಾರ್ಖಾನೆಂದ ಬಂದದು ಎಂತದೂ ಇಲ್ಲೆ. ಮಾವ ಆಚಾರಿಯ ಹತ್ತರೆ ಹಲಸಿನ ಮರದ್ದು ಮಾಡ್ಸಿದ್ದು. ನೋಡ್ಲೆ ಅಕ್ಕಿ ಪೆಟ್ಟಿಗೆಯ ಹಾಂಗೆ ಒರಟು. ಆದರೆ ಅವರ ಕ್ರಮ ಒಂದು ದಿನವೂ ತಪ್ಪಿದ್ದಿಲ್ಲೆ. ಕೋವಿಯ ಬಿಡುಸಿ, ಉದ್ದಿ, ಎಣ್ಣೆ ಕೈ ಆಡ್ಸಿ, ಪೆಟ್ಟಿಗೆಗೆ ಬೀಗ. ತೋಟೆಗೊ ಬೇರೆ ಕಪಾಟಿಲಿ, ಅದಕ್ಕೆ ಬೇರೆ ಬೀಗ. ಆ ಎರಡನೇ ಬೀಗದ ಕೈ ಅತ್ತೆಯ ಸೊಂಟಲ್ಲಿ! ನೆಡು ಇರುಳು ಹಂದಿ ಬಂದರೂ ಮಾವ ಅತ್ತೆಯ ಏಳ್ಸಿಯೇ ಆಯೆಕ್ಕು. ಅತ್ತೆ ಎದ್ದು, ಕನ್ನಡ್ಕ ಹುಡ್ಕಿ, ಕೈ ಕೊಡುವಗ ಹಂದಿ ಅರ್ಧ ಗೆಣಂಗು ಮುಗುಶಿ ಹೋಗಿಕ್ಕು. ಎಂಗೊ ಎಲ್ಲ ನೆಗೆ ಮಾಡಿಗೊಂಡಿದ್ದೆಯೊ. ಆದರೆ ಆ ಮನೆಲಿ ಎಂಟು ಮಕ್ಕೊ ಬೆಳದವು, ಒಬ್ಬಂಗೂ ಎಂತದೂ ಆಯಿದಿಲ್ಲೆ.

ಇನ್ನು ತುಕ್ಕಿನ ವಿಷಯ. ಇದು ನವಗೆ ಆರಿಂದಲೂ ಹೆಚ್ಚು ಗೊಂತಿಪ್ಪದು. ಆಟಿ ತಿಂಗಳಿಲಿ ವೆಲ್ವೆಟ್ಟಿನ ಪೆಟ್ಟಿಗೆಲಿ ಮಡುಗಿದ ಬೆಳ್ಳಿ ಹೇಂಗೆ ಕಪ್ಪಾವುತ್ತು, ಚರ್ಮದ ಬೇಗಿಂಗೆ ಹೇಂಗೆ ಬೂಷ್ಟು ಹಿಡಿತ್ತು ಹೇಳಿ ಕಂಡಿದಿಲ್ಲೆಯೋ? ಕೋವಿಗೂ ಅದೇ. ವೆಲ್ವೆಟ್ಟು, ಸ್ಪಂಜು, ಚರ್ಮ ಮೂರೂ ನೀರಿನ ಪಸೆಯ ಹಿಡುದು ಮಡುಗುವ ಜಾತಿ. ಚರ್ಮವ ಹದ ಮಾಡ್ಲೆ ಹಾಕಿದ ಮದ್ದಿನ ಅಂಶವೂ ಅದರಲ್ಲಿ ಒಳುದಿರ್ತು. ಚರ್ಮದ ಚೀಲಲ್ಲಿ ತುಂಬ ಸಮಯ ಮಡುಗಿದ ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆಯ ತೋಟೆಗೆ ಹಸುರು ಕಿಲುಬು. ನಮ್ಮ ದೇವರ ಒಳಾಣ ಹಿತ್ತಾಳೆ ದೀಪ ಉದ್ದದ್ದರೆ ಬತ್ತಲ್ಲದೊ, ಅದೇ. ಮುಟ್ಟಿದ ಕೈಯ ಬೆಗರಿಲಿ ಉಪ್ಪು ಇರ್ತನ್ನೆ, ಉದ್ದದ್ದೆ ಸ್ಪಂಜಿನ ಮೇಗೆ ಮಡುಗಿರೆ ಬೆರಳಿನ ಗುರ್ತವೇ ತುಕ್ಕಾಗಿ ಏಳ್ತು. ಚುನಾವಣೆ ಬಂದರೆ ಕೋವಿಯ ಠಾಣೆಲಿ ಮಡುಗೆಕ್ಕನ್ನೆ. ಒಂದು ಸರ್ತಿ ಎಂಗಳದ್ದು ಎರಡು ತಿಂಗಳು ಬರೀ ವಸ್ತ್ರ ಸುತ್ತಿಗೊಂಡು ಅಲ್ಲಿ ನಿಂದಿತ್ತು, ವಾಪಾಸು ಬಪ್ಪಗ ನಳಿಗೆಲಿ ಉದ್ದಕ್ಕೆ ಕೆಂಪು ಗೆರೆ. ಟೈಟಾನಿಯಮ್ಮಿಂಗೆ ತುಕ್ಕು ಇಲ್ಲೆ ಹೇಳುಗು. ಅಪ್ಪು, ಆದರೆ ಸ್ಪ್ರಿಂಗೂ, ತೋಟೆಯೂ ಟೈಟಾನಿಯಂ ಅಲ್ಲನ್ನೆ.

ಕಾರ್ಖಾನೆಯೋರಿಂಗೆ ಇದು ಗೊಂತಿಲ್ಲದ್ದಲ್ಲ. ಸುಮಾರು ಕಂಪೆನಿಗೊ ಕೋವಿಗೆ ಒಂದು ವಿಶೇಷ ಕಾಗದವೋ, ಪ್ಲಾಸ್ಟಿಕು ತೊಟ್ಟೆಯೋ ಸುತ್ತಿ ಕೊಡ್ತವು. ಅದರಿಂದ ಹೆರಡುವ ಆವಿ ಲೋಹದ ಮೇಗೆ ಕೂದು ತುಕ್ಕು ತಡೆತ್ತು. ಹೊಸ ಜೋಡಿನ ಪೆಟ್ಟಿಗೆಲಿ ಬಪ್ಪ ಸಣ್ಣ ಕಾಳಿನ ಪೊಟ್ಟಣವೂ, ಸಿಲಿಕಾ ಜೆಲ್, ಕೆಲವರಲ್ಲಿ ಇರ್ತು. ಎಷ್ಟೋ ಜೆನ ಬಿಡುಸಿದ ದಿನವೇ ಇದೆರಡರ ಕಸವಿಂಗೆ ಇಡ್ಕಿ, ವೆಲ್ವೆಟ್ಟಿನ ಜೋಪಾನ ಮಾಡ್ತವು! ಮಡುಗೆಕ್ಕಾದ್ದು ಅದನ್ನೇ.

ಚೆಂದದ ಪೆಟ್ಟಿಗೆ ಹೊಸತ್ತೇನಲ್ಲ. 1850ರ ದಶಕಲ್ಲಿ ಅಮೇರಿಕದ ಕೋಲ್ಟ್ ಕಂಪೆನಿ ಲಂಡನಿಲಿ ಕಾರ್ಖಾನೆ ಮಡುಗಿದ ಕಾಲಲ್ಲಿ ರಿವಾಲ್ವರಿಂಗೆ ಮಹಾಗನಿಯೋ, ಓಕೋ ಮರದ ಪೆಟ್ಟಿಗೆ ಇರ್ತಿತ್ತು. ಒಳ ಬಟ್ಟೆ ಹೊದೆಶಿ, ಖಾನೆ ಖಾನೆ ಮಾಡಿ, ಮದ್ದಿನ ಬುರುಡೆ, ಗುಂಡು ಎರವ ಅಚ್ಚು, ಎಣ್ಣೆ ಕುಪ್ಪಿ ಹೇಳಿ ಒಂದೊಂದಕ್ಕೆ ಒಂದೊಂದು ಜಾಗೆ. ಅಜ್ಜನ ಎಲೆ ಪೆಟ್ಟಿಗೆಲಿ ಸುಣ್ಣದ ಕರಡಿಗೆಗೆ ಬೇರೆ, ಅಡಕ್ಕೆಗೆ ಬೇರೆ ಜಾಗೆ ಇದ್ದ ಹಾಂಗೆ. ಇಂಗ್ಲೀಷಿನೋರ ಕ್ರಮಲ್ಲಿ ನೇರ ಹಲಗೆಯ ಖಾನೆ, ಫ್ರೆಂಚರ ಕ್ರಮಲ್ಲಿ ಕೋವಿಯ ಆಕಾರಕ್ಕೇ ಕೊರದ ಗುಂಡಿ. ಮತ್ತೆ ಅಮೇರಿಕಲ್ಲಿ ರಟ್ಟಿನ ಪೆಟ್ಟಿಗೆಯ ಕಾಲ ಬಂತು. ಸ್ಮಿತ್ ಎಂಡ್ ವೆಸ್ಸನ್ನಿಂದು ನೀಲಿ ರಟ್ಟು. ಹಳೆ ವಸ್ತು ಸಂಗ್ರಹ ಮಾಡುವೋರು ಮೂಲ ಪೆಟ್ಟಿಗೆ ಇದ್ದರೆ ಕೋವಿಗೇ ಹೆಚ್ಚು ಕ್ರಯ ಕೊಡ್ತವಡ. ನಾವು ಡಬ್ಬಿ ಇಡ್ಕದ್ದೆ ಮಡುಗುದರ ನೆಗೆ ಮಾಡುವೋರಿಂಗೆ ಇದರ ಹೇಳಿ!

ಈಗಾಣದ್ದರ ಆನು ಕಣ್ಣಾರೆ ನೋಡಿದ್ದು ಮಗಳ ಮನೆಗೆ ಅಮೇರಿಕಕ್ಕೆ ಹೋಗಿಪ್ಪಗ. ನೆರೆಕರೆಯ ಒಂದು ಪ್ರಾಯದ ಹೆಮ್ಮಕ್ಕೊ, ಒಬ್ಬನೇ ಇಪ್ಪದು, ತನ್ನ ಪಿಸ್ತೂಲಿನ ಪೆಟ್ಟಿಗೆ ತೋರ್ಸಿತ್ತು. ಕಪ್ಪು ಗಟ್ಟಿ ಪ್ಲಾಸ್ಟಿಕು, ಒಳ ಮೊಟ್ಟೆ ಟ್ರೇಯ ಹಾಂಗೆ ಏರು-ತಗ್ಗಿನ ಸ್ಪಂಜು, ಬೀಗ ಹಾಕಲೆ ಒಟ್ಟೆ, ಒಂದು ಪುಸ್ತಕ, ಮತ್ತೆ ಸೈಕ್ಲಿಂಗೆ ಹಾಕುವ ನಮುನೆಯ ಸಣ್ಣ ಸರಿಗೆ ಬೀಗ. ಆ ಸರಿಗೆಯ ಪಿಸ್ತೂಲಿನ ಒಳಂದಲೇ ದಾಂಟ್ಸಿ ಬೀಗ ಹಾಕಿರೆ ಅದಕ್ಕೆ ಗುಂಡು ತುಂಬುಸಿ ಹೊಡವಲೆ ಎಡಿತ್ತಿಲ್ಲೆ. ಇದು ಕಂಪೆನಿಯ ಧರ್ಮ ಅಲ್ಲ, ಕಾನೂನು. 2005ಲಿ ಬಂದದು. ಲೈಸೆನ್ಸಿನ ಅಂಗಡಿಯೋರು ಪಿಸ್ತೂಲು, ರಿವಾಲ್ವರು ಮಾರುವಗ ಬೀಗವೋ, ಬೀಗದ ಪೆಟ್ಟಿಗೆಯೋ ಒಟ್ಟಿಂಗೆ ಕೊಡ್ಲೇ ಬೇಕು. ಮೇರಿಲ್ಯಾಂಡ್ ರಾಜ್ಯಲ್ಲಿ 2015ರ ವರೆಗೆ ಇನ್ನೊಂದೂ ಇತ್ತು, ಆ ಪಿಸ್ತೂಲಿಂದಲೇ ಹೊಡದ ಒಂದು ಖಾಲಿ ತೋಟೆ, ಸಣ್ಣ ಲಕೋಟೆಲಿ. ಪೋಲೀಸು ದಾಖಲೆಗೆ ಬೇಕು ಹೇಳಿ.

ಇಷ್ಟೆಲ್ಲ ಇದ್ದರೂ ಅಲ್ಯಾಣ ವಿಮಾನ ನಿಲ್ದಾಣದ ಭದ್ರತೆ ನೋಡುವ ಸರಕಾರಿ ಸಂಸ್ಥೆ, ಟಿಎಸ್‌ಎ, ಎಂತ ಹೇಳ್ತು ಗೊಂತಿದ್ದೋ? ಕೋವಿಯ ಗುಂಡು ತೆಗದು, ಗಟ್ಟಿ ಪೆಟ್ಟಿಗೆಲಿ ಬೀಗ ಹಾಕಿ, ಮದಲೇ ತಿಳುಸಿ ಸಾಮಾನಿನೊಟ್ಟಿಂಗೆ ಕೊಡೆಕ್ಕು. ಮತ್ತೆ, ತೆಗವಗ ಬಂದ ಪೆಟ್ಟಿಗೆ ಇದಕ್ಕೆ ಸಾಕಷ್ಟು ಭದ್ರ ಆಗದ್ದೆ ಇಕ್ಕು ಹೇಳಿಯೂ ಎಚ್ಚರಿಕೆ ಕೊಡ್ತು. ಎಂತಕೆ ಹೇಳಿರೆ, ಪ್ಲಾಸ್ಟಿಕು ಪೆಟ್ಟಿಗೆಯ ಒಂದು ಹೊಡೆಲಿ ಬೀಗ ಹಾಕಿರೂ ಇನ್ನೊಂದು ಮೂಲೆಯ ಬಲ ಹಾಕಿ ಅಗಲ್ಸಿರೆ ಬೆರಳು ಹೋಪಷ್ಟು ಜಾಗೆ ಸಿಕ್ಕುತ್ತು. ಆ ಹೆಮ್ಮಕ್ಕಳ ಪೆಟ್ಟಿಗೆಲಿ ಆನೇ ಮಾಡಿ ನೋಡಿದೆ. ಟಿಫಿನು ಡಬ್ಬಿಯ ಒಂದು ಹೊಡೆಯ ಕ್ಲಿಪ್ಪು ಹೋದರೆ ಸಾರು ಚೆಲ್ಲುತ್ತಿಲ್ಲೆಯೋ, ಹಾಂಗೆ. ಆ ಹೆಮ್ಮಕ್ಕೊ ಪಿಸ್ತೂಲಿನ ಮಡುಗಿದ್ದು ಅದರಲ್ಲಿ ಅಲ್ಲ, ಗೋಡೆಗೆ ಬೋಲ್ಟು ಹಾಕಿದ ಕಬ್ಬಿಣದ ಪೆಟ್ಟಿಗೆಲಿ. ಪುಳ್ಯಕ್ಕೊ ರಜೆಲಿ ಬಪ್ಪದಡ.

ಇದರಿಂದ ಎನಗೆ ಅರ್ಥ ಆದ್ದು ಇಷ್ಟೆ. ಕಾರ್ಖಾನೆಯ ಪೆಟ್ಟಿಗೆ ಇಪ್ಪದು ದಾರಿಗೆ, ಮನೆಗೆ ಅಲ್ಲ. ಕಾರ್ಖಾನೆಂದ ಅಂಗಡಿಗೆ, ಅಂಗಡಿಂದ ಮನೆಗೆ ಬಪ್ಪಗ ಪೆಟ್ಟಾಗದ್ದ ಹಾಂಗೆ ನೋಡಿರೆ ಅದರ ಕೆಲಸ ಮುಗುತ್ತು. ಪ್ಲಾಸ್ಟಿಕು ಆಗಲಿ, ಕೆಂಪು ವೆಲ್ವೆಟ್ಟು ಆಗಲಿ, ಮಾಣಿಯ ಕೈಂದ ಕೋವಿಯ ದೂರ ಮಡುಗುವ ಕೆಲಸ ಮನೆಯೋರದ್ದು.

ತಂಗಗೆ ಹೀಂಗೆ ಹೇಳಿದೆ. "ಪೆಟ್ಟಿಗೆಯ ಚೆಂದ ನೋಡೆಡ. ಮನೆಲಿ ಕಬ್ಬಿಣದ ಪೆಟ್ಟಿಗೆ ಗೋಡೆಗೆ ಕೂರುಸಿ ಆಯಿದೋ ಕೇಳು. ತೋಟೆಗೆ ಬೇರೆ ಬೀಗ ಇದ್ದೋ ಕೇಳು. ಬೀಗದ ಕೈ ಆರ ಹತ್ತರೆ ಕೇಳು."

ಕೂಸಿನ ಹತ್ತರೆಯೂ ಮಾತಾಡಿದೆ. ಅದರ ಹೆದರಿಕೆ ಸುಳ್ಳಲ್ಲ. ಇರುಳು ಹನ್ನೊಂದಕ್ಕೆ ಖಾಲಿ ಮಾರ್ಗಲ್ಲಿ ನೆಡವದು ಅದು, ಆನಲ್ಲ. "ದೊಡ್ಡಮ್ಮಾ, ಬೀಗ ಹಾಕಿ ಮನೆಲಿ ಮಡುಗಿರೆ ಎನಗೆ ಮಾರ್ಗಲ್ಲಿ ಎಂತ ಪ್ರಯೋಜನ?" ಹೇಳಿ ಕೇಳಿತ್ತು. ಸರಿಯಾದ ಪ್ರಶ್ನೆಯೇ. ಆನು ಹೇಳಿದೆ, "ಬೇಗಿಲಿ ಹಿಡಿತ್ತು ಹೇಳ್ತದೇ ಎನಗೆ ಹೆದರಿಕೆ ಅಬ್ಬೋ. ನೀನು ಡ್ಯೂಟಿ ಮುಗುಶಿ ಬಂದು ಬೇಗಿನ ಕುರ್ಶಿಲಿ ಮಡುಗಿ ಕೈಕಾಲು ತೊಳವಲೆ ಹೋವುತ್ತೆ. ಮಾಣಿ ಸುರುವಿಂಗೆ ಎಂತ ಮಾಡ್ತ? ಚಾಕ್ಲೇಟು ಇದ್ದೋ ಹೇಳಿ ಅಮ್ಮನ ಬೇಗಿಂಗೆ ಕೈ ಹಾಕುತ್ತ." ರಜ್ಜ ಹೊತ್ತು ಅದು ಮಾತಾಡಿದ್ದಿಲ್ಲೆ. ಆಸ್ಪತ್ರೆಯೋರ ಹತ್ತರೆ ಇರುಳಾಣ ಡ್ಯೂಟಿಯೋರಿಂಗೆ ಮನೆ ಬಾಗಿಲಿನವರೆಗೆ ಗಾಡಿ ಕೇಳುವ ಹೇಳಿ ನಾಲ್ಕು ಕೂಸುಗೊ ಸೇರಿ ಕಾಗದ ಬರದ್ದವಡ ಈಗ. ಅದು ಸಿಕ್ಕದ್ರೆ ಮತ್ತೆ ಆಲೋಚನೆ ಮಾಡ್ತೆ ಹೇಳಿದ್ದು. ತೀರ್ಮಾನ ಅದರದ್ದೇ, ಎನ್ನದಲ್ಲ.

ಕೋವಿ ಇಪ್ಪ ಮನೆಯ ಹೆಮ್ಮಕ್ಕೊಗೆ ಒಂದು ಮಾತು. ಲೈಸೆನ್ಸು ಆರ ಹೆಸರಿಲಿಯೇ ಇರಲಿ, ಒಂದು ಬೀಗದ ಕೈ ನಿಂಗಳ ಹತ್ತರೆ ಇರಲಿ. ಮಳೆಗಾಲ ಸುರು ಅಪ್ಪಂದ ಮದಲು ಒಂದರಿ ತೆಗೆಶಿ, ಉದ್ದುಸಿ, ಚರ್ಮದ ಚೀಲ ಇದ್ದರೆ ಅದರಿಂದ ಹೆರ ಮಡುಗುಸಿ, ಸಿಲಿಕಾದ ಪೊಟ್ಟಣ ಬದಲುಸಿ. ನಿಂಗಳ ಮನೆಲಿ ತುಕ್ಕು ಬಾರದ್ದ ಹಾಂಗೆ ಎಂತ ಮಾಡ್ತಿ ಹೇಳಿ ಎನಗೆ ತಿಳುಸಿ. ಎಲ್ಲಿ ಮಡುಗುತ್ತಿ ಹೇಳಿ ಮಾತ್ರ ಬರೆಯೆಡಿ, ಅದು ಗುಟ್ಟಿಲೇ ಇರಲಿ!