ಆತ್ಮದ ಇರುಳು, ಮನಸ್ಸಿನ ಬೇನೆ

1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯನ್ನು ಆಯ್ದುಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸಿ ಉಪಚರಿಸುವ ತರಬೇತಿಯನ್ನಿತ್ತರು. 1996ರಲ್ಲಿ ಭಾರತ ಸರಕಾರವು ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ‘ಬಳ್ಳಾರಿ ಮಾದರಿ’ಯೇ ಆಧಾರ. ಆದರೂ ಉಣ್ಣಲೊಲ್ಲದೆ, ನುಡಿಯಲೊಲ್ಲದೆ ಮೂಲೆ ಹಿಡಿದ ಮಗನಿಗೆ ವೈರಾಗ್ಯ ಬಂದಿದೆಯೆಂದು ತಿಳಿಯುವ ತಂದೆತಾಯಿಗಳು ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಇಂದಿಗೂ ಉಂಟು.

ವೈರಾಗ್ಯವನ್ನೂ ಬೇನೆಯನ್ನೂ ಬೇರ್ಪಡಿಸುವುದೆಂತು? ಮಠದ ಪ್ರಸಾದನಿಲಯದಲ್ಲಿ ಓದಿ ಬೆಳೆದ ನನಗೆ ಈ ವಿಷಯದಲ್ಲಿ ನೆರವಾದವರು ಸ್ಪೇನಿನ ಇಬ್ಬರು ಕ್ರೈಸ್ತ ಅನುಭಾವಿಗಳು. ಅವಿಲಾದ ತೆರೇಸಾ (1515–1582) ಆತ್ಮವನ್ನು ಏಳು ನೆಲೆಗಳುಳ್ಳ ಕೋಟೆಯೆಂದು 1577ರಲ್ಲಿ ಬಣ್ಣಿಸಿದರು. ಷಟ್‌ಸ್ಥಲವನ್ನು ಬಲ್ಲ ವಾಚಕರಿಗೆ ಹೋಲಿಕೆ ಹೊಳೆದೀತು. ಏಳನ್ನು ಆರಕ್ಕೆ ಹೊಂದಿಸುವ ಸಾಹಸ ನನಗೆ ಬೇಡ. ಉಪವಾಸ ಜಾಗರಣೆಗಳಿಂದ ಬಳಲಿ ಮೈಮರೆತಂತಾಗುವ ಸಂನ್ಯಾಸಿನಿಯರಿಗೆ ಪ್ರಾರ್ಥನೆಯನ್ನು ಕಡಿಮೆ ಮಾಡಿಸಿ, ಉಣಿಸಿ ಮಲಗಿಸಿರೆಂದು ಆ ತಾಯಿ ವಿಧಿಸಿದ್ದು ಮಾತ್ರ ನೆನೆಯತಕ್ಕದ್ದು.

ಅವರ ಸಹಚರ ಶಿಲುಬೆಯ ಯೋಹಾನರು (1542–1591) ಸ್ವಂತ ಸಂಘದವರಿಂದಲೇ ತೊಲೇದೋ ನಗರದಲ್ಲಿ ಸುಮಾರು ಒಂಬತ್ತು ತಿಂಗಳು ಸೆರೆಯಲ್ಲಿದ್ದವರು. ಸಾಧಕನಿಗೆ ದೇವರಲ್ಲಿಯೂ ಲೋಕದಲ್ಲಿಯೂ ರುಚಿ ತಪ್ಪುವ ಕಾಲವನ್ನು ಅವರು ಆತ್ಮದ ಕಾರಿರುಳೆಂದರು. ಅದಕ್ಕೆ ಮೂರು ಗುರುತುಗಳನ್ನು ಹೇಳಿದರು: ಎಲ್ಲಿಯೂ ರುಚಿಯಿಲ್ಲದಿರುವುದು, ಆದರೂ ದೇವರಿಗೆ ದೂರವಾದೆನೆಂಬ ಅಳಲು ಬಿಡದಿರುವುದು, ಮೊದಲಿನಂತೆ ಧ್ಯಾನ ನಿಲ್ಲದಿರುವುದು. ಎರಡನೆಯದಿಲ್ಲದೆ ಬರಿಯ ಜುಗುಪ್ಸೆಯಿದ್ದರೆ ಅದು ವಿಷಣ್ಣತೆಯ ರೋಗ. ಎರಡೂ ಕೂಡಿರಬಹುದೆಂದೂ ಅವರು ಬಲ್ಲರು.

ಕುರುಗೋಡಿನ ಕಡೆಯ ತಾಯಿಯೊಬ್ಬರು ಮಗನನ್ನು ಮಠಕ್ಕೊಪ್ಪಿಸುವ ವಿಚಾರವಾಗಿ ನನ್ನಲ್ಲಿಗೆ ಬಂದಿದ್ದರು.

“ಶಿವನ ಹೆಸರೆತ್ತಿ ಅಳ್ತಾನೇನವ್ವಾ?” ಎಂದೆ.

“ಇಲ್ಲರೀ. ದೊಡ್ಡಬಸಪ್ಪನ ಜಾತ್ರಿಗೂ ಬರಲಿಲ್ಲ. ಏನೂ ಬ್ಯಾಡ ಅಂತಾನ.”

ಮೊದಲು ಬಳ್ಳಾರಿಯ ವೈದ್ಯರನ್ನು ಕಾಣಿರೆಂದೆ. ದೇವರ ಕಡೆ ಹೊರಟ ಮನಸ್ಸನ್ನು ಗುಳಿಗೆ ಕೊಟ್ಟು ತಿರುಗಿಸಿದ ಪಾಪ ಬಂದೀತೆಂದು ಆಕೆ ಅಂಜಿದರು. ಕೆಲವು ತಿಂಗಳ ಮೇಲೆ ಆ ತರುಣ ಗದ್ದೆಗಿಳಿದ. ಬಿಟ್ಟುಹೋಗಿದ್ದ ಲಿಂಗಪೂಜೆಯನ್ನು ತಾನಾಗಿಯೇ ಮತ್ತೆ ಹಿಡಿದ.

ಆ ತಾಯಿಯ ಅಂಜಿಕೆ ನಿರಾಧಾರವೇನಲ್ಲ. ಅನಂತದೊಡನೆ ಒಂದಾದ ಭಾವವನ್ನು ಫ್ರಾಯ್ಡ್ 1930ರಲ್ಲಿ ಶೈಶವದ ಉಳಿಕೆಯೆಂದು ವಿವರಿಸಿದ್ದರು. ಪಾದ್ರಿಯ ಮಗನಾದ ಯೂಂಗ್ ಹಾಗೆ ತಳ್ಳಿಹಾಕಲಿಲ್ಲ. 1937–38ರಲ್ಲಿ ಭಾರತಕ್ಕೆ ಬಂದು ಮೈಸೂರನ್ನೂ ಕಂಡ ಅವರು, ಮರುವರುಷಗಳಲ್ಲಿ ಜ್ಯೂರಿಕ್‌ನಲ್ಲಿ ಇಗ್ನೇಷಿಯಸ್ ಲೊಯೊಲರ ಸಾಧನಾಕ್ರಮವನ್ನು ಕುರಿತು ಉಪನ್ಯಾಸ ಮಾಡಿದರು. ಅಂತರಂಗದ ಕತ್ತಲು ಅವರ ಪಾಲಿಗೆ ಮನಸ್ಸು ತನ್ನ ಸುಪ್ತ ಆಳಕ್ಕಿಳಿಯುವ ಹಾದಿ. ಆದರೆ ಅನುಭವದಾಚೆ ದೇವರಿರುವನೋ ಎಂಬುದು ತಮ್ಮ ಶಾಸ್ತ್ರಕ್ಕೆ ಸೇರಿದ್ದಲ್ಲವೆಂದರು. ಅವರ ಮಿತ್ರರಾಗಿದ್ದ ಡೊಮಿನಿಕನ್ ಪಾದ್ರಿ ವಿಕ್ಟರ್ ವೈಟ್ ಅವರಿಗೆ ಅಷ್ಟು ಸಾಲದಾಯಿತು. 1952ರಲ್ಲಿ ಯೂಂಗ್ ಯೋಬನನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ ಮೇಲೆ ಆ ಸ್ನೇಹ ಬಿರುಕುಬಿಟ್ಟಿತು. ಯೂಂಗರ ವಿದ್ವತ್ತಿಗೆ ಕೈಮುಗಿದೂ ನಾನು ವೈಟರ ಪಕ್ಷದವನು: ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡವನು ನೋಡುವುದು ತನ್ನ ಮನಸ್ಸನ್ನಷ್ಟೇ ಎಂಬ ಮಾತನ್ನು ನಾನು ಒಪ್ಪಲಾರೆ.